ಮೊಹಾವಿ ರೋಡ್ ಡ್ರೈವ್: ಮೊದಲು ಹೊರಬರುವ ದಾರಿ ನೋಡಿಕೊಳ್ಳಿ, ಆಮೇಲೆ ಗಾಡಿಗೆ ಸಾಮಾನು ತುಂಬಿ

ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮ ಕನ್ನಡದವರಲ್ಲಿ ಐ-15 ಹಿಡಿದು ಲಾಸ್ ವೇಗಸ್‌ಗೆ ಹೋಗದವರು ಕಡಿಮೆ. ನಡುವೆ ಬೇಕರ್ ಊರಲ್ಲಿ ನಿಲ್ಲಿಸಿ, 134 ಅಡಿ ಎತ್ತರದ ಥರ್ಮಾಮೀಟರ್ ಮುಂದೆ ಫೋಟೋ ತೆಗೆಸಿಕೊಂಡು, ಮತ್ತೆ ಹೈವೇ ಹತ್ತಿಬಿಡುತ್ತೇವೆ. ಅದೇ ಬೇಕರ್‌ನ ದಕ್ಷಿಣಕ್ಕೆ ಮೊಹಾವಿ ರೋಡ್ ಅಂತ ಒಂದು ಹಳೇ ಮಣ್ಣು ದಾರಿ ಇದೆ. ಕೊಲರಾಡೊ ನದಿಯ ದಡದಲ್ಲಿ ಶುರುವಾಗಿ ಪಶ್ಚಿಮಕ್ಕೆ ಸುಮಾರು 138 ಮೈಲಿ, ಅಂದರೆ 220 ಕಿ.ಮೀ. ಹೋಗುತ್ತದೆ. ಅದರ ದೊಡ್ಡ ಭಾಗ ಮೊಹಾವಿ ನ್ಯಾಷನಲ್ ಪ್ರಿಸರ್ವ್ ಅನ್ನೋ ಸಂರಕ್ಷಿತ ಮರುಭೂಮಿಯ ಒಳಗೇ ಇದೆ. ದಾರಿಯಲ್ಲಿ ಒಂದು ಪೆಟ್ರೋಲ್ ಬಂಕ್ ಇಲ್ಲ, ಅಂಗಡಿ ಇಲ್ಲ, ಬಹಳ ಕಡೆ ಫೋನ್ ಸಿಗ್ನಲ್ ಕೂಡ ಇಲ್ಲ. ಆದರೂ ಸರಿಯಾಗಿ ತಯಾರಿ ಮಾಡಿಕೊಂಡರೆ, ಸಾಮಾನ್ಯ 4x4 ಗಾಡಿ ಇರುವವರು ಧೈರ್ಯವಾಗಿ ಹೋಗಿ ಬರಬಹುದಾದ ದಾರಿ ಇದು.

ತಯಾರಿ ಅಂದ ತಕ್ಷಣ ಎಲ್ಲರೂ ಸಾಮಾನಿನ ಪಟ್ಟಿ ಹಿಡಿದು ಕೂರುತ್ತಾರೆ. ಹೂತ ಗಾಡಿ ಎಳೆಯುವ ವಿಂಚ್ ಬೇಕಾ, ಮೇಲೆ ರ್‍ಯಾಕ್ ಹಾಕಿಸಬೇಕಾ ಅಂತ. ಅದೆಲ್ಲ ಆಮೇಲೆ. ಮೊದಲು ನಕ್ಷೆ ಬಿಡಿಸಿ, ಈ ದಾರಿಯಿಂದ ಎಲ್ಲೆಲ್ಲಿ ಹೊರಗೆ ಬರಬಹುದು ಅನ್ನೋದನ್ನು ಗುರುತು ಹಾಕಿ. ಮರುಭೂಮಿಯಲ್ಲಿ ತೊಂದರೆಗೆ ಸಿಕ್ಕಿಕೊಂಡವರಲ್ಲಿ ಹೆಚ್ಚಿನವರು 'ಇಲ್ಲೀವರೆಗೂ ಬಂದಿದ್ದೇವೆ, ಇನ್ನು ಸ್ವಲ್ಪ ನೋಡೇ ಬಿಡೋಣ' ಅಂತ ಮುಂದಕ್ಕೆ ಹೋದವರು. ವಾಪಸ್ ಬರುವ ದಾರಿ ಮನೆಯಲ್ಲೇ ತೀರ್ಮಾನವಾಗಿದ್ದರೆ ಆ ಮಾತಿಗೆ ಜಾಗವೇ ಇರುವುದಿಲ್ಲ.

ಪೂರ್ವದಿಂದ ಪಶ್ಚಿಮಕ್ಕೆ ಹೋಗುವುದು ರೂಢಿ. ನೀವೂ ಹಾಗೇ ಹೋಗಿ, ಎದುರಿಗೆ ಬರುವ ಗಾಡಿಗಳು ಕಡಿಮೆ ಇರುತ್ತವೆ. ನದಿಯಿಂದ ಹೊರಟರೆ ಮೊದಲು ಸಿಗುವ ದೊಡ್ಡ ಡಾಂಬರು ರಸ್ತೆ ಯುಎಸ್-95, ಅಲ್ಲಿಂದ ದಕ್ಷಿಣಕ್ಕೆ ತಿರುಗಿದರೆ ನೀಡಲ್ಸ್ ಊರು. ಆಮೇಲೆ ಲ್ಯಾನ್‌ಫೇರ್ ಕಣಿವೆಯಲ್ಲಿ ಲ್ಯಾನ್‌ಫೇರ್ ರೋಡ್, ಅದು ದಕ್ಷಿಣಕ್ಕೆ ಗಾಫ್ಸ್ ಕಡೆಗೆ ಹೋಗುತ್ತದೆ. ಮುಂದೆ ಸೀಡರ್ ಕ್ಯಾನ್ಯನ್ ದಾಟಿದ ಮೇಲೆ ಕೆಲ್ಸೋ–ಸೀಮಾ ರೋಡ್. ಅದರ ಮುಂದೆ ಕೆಲ್‌ಬೇಕರ್ ರೋಡ್, ಉತ್ತರಕ್ಕೆ ತಿರುಗಿದರೆ ನೇರ ಬೇಕರ್. ಸೋಡಾ ಲೇಕ್ ಅನ್ನೋ ಒಣ ಉಪ್ಪಿನ ಬಯಲು ದಾಟಿದ ಮೇಲೆ ರೇಸರ್ ರೋಡ್, ಬೇಸಿನ್ ರೋಡ್, ಆಫ್ಟನ್ ರೋಡ್, ಮೂರೂ ಐ-15ಕ್ಕೆ ಸೇರಿಸುತ್ತವೆ. ಪ್ರತಿ ಕೂಡುರಸ್ತೆಯಲ್ಲೂ ಗಾಡಿ ನಿಲ್ಲಿಸಿ ಕೆಳಗಿಳಿದು ನೋಡಿ: ಪೆಟ್ರೋಲ್ ಎಷ್ಟಿದೆ, ನೀರು ಎಷ್ಟಿದೆ, ಟೈರ್ ಹೇಗಿದೆ, ಮಕ್ಕಳು ಹೇಗಿದ್ದಾರೆ, ಕತ್ತಲಾಗೋಕೆ ಎಷ್ಟು ಹೊತ್ತಿದೆ. ಇವುಗಳಲ್ಲಿ ಒಂದು ಸರಿ ಇಲ್ಲದಿದ್ದರೂ ಡಾಂಬರು ಹಿಡಿದು ಹೊರಗೆ ಬನ್ನಿ. ಉಳಿದ ಭಾಗವನ್ನು ಇನ್ನೊಂದು ಸಲ ಮಾಡಬಹುದು, ಎಷ್ಟೋ ಜನ ಈ ದಾರಿಯನ್ನು ತುಂಡು ತುಂಡಾಗಿಯೇ ಮುಗಿಸಿದ್ದಾರೆ.

ಈ ದಾರಿ ಹುಟ್ಟಿದ್ದೂ ಹೀಗೇ. ಮೊಹಾವಿ ಬುಡಕಟ್ಟಿನ ಜನ ಒಂದು ನೀರಿನ ಸೆಲೆಯಿಂದ ಇನ್ನೊಂದು ಸೆಲೆಗೆ ನಡೆದು ನಡೆದು ಮಾಡಿದ ಕಾಲುದಾರಿ ಇದು. ಪಾಯೂಟ್ ಸ್ಪ್ರಿಂಗ್, ರಾಕ್ ಸ್ಪ್ರಿಂಗ್, ಮಾರ್ಲ್ ಸ್ಪ್ರಿಂಗ್ಸ್, ಸೋಡಾ ಸ್ಪ್ರಿಂಗ್ಸ್, ಎಲ್ಲ ಆ ಸೆಲೆಗಳೇ. 1776ರಲ್ಲಿ ಪಾದ್ರಿ ಫ್ರಾನ್ಸಿಸ್ಕೊ ಗಾರ್ಸೆಸ್ ಅವರನ್ನು ಮೊಹಾವಿ ಜನರೇ ಈ ಜಾಡಿನಲ್ಲಿ ಕರೆದುಕೊಂಡು ಹೋದರು. 1826ರಲ್ಲಿ ತುಪ್ಪಳದ ಬೇಟೆಗಾರ ಜೆಡಿಡಾಯ ಸ್ಮಿತ್ ಬಂದರು. ಆಮೇಲೆ ಸೈನ್ಯದ ಗಾಡಿಗಳು ಓಡಾಡಿ ರಸ್ತೆಯಾಯಿತು. ಅವರೆಲ್ಲ ಮುಂದಿನ ನೀರು ಎಲ್ಲಿದೆ ಅಂತ ಗೊತ್ತಿಲ್ಲದೆ ಹೆಜ್ಜೆ ಇಡುತ್ತಿರಲಿಲ್ಲ. ನೀವು ಮಾತ್ರ ಈ ಸೆಲೆಗಳನ್ನು ನಂಬಿಕೊಂಡು ಹೋಗಬೇಡಿ, ಆ ನೀರು ಅಲ್ಲಿನ ಪ್ರಾಣಿಗಳಿಗೆ ಬೇಕು, ಮತ್ತು ಶುದ್ಧ ಮಾಡದೆ ಕುಡಿಯುವಂಥದ್ದೂ ಅಲ್ಲ.

ಯಾವಾಗ ಹೋಗಬೇಕು? ಅಕ್ಟೋಬರ್ ಕೊನೆಯಿಂದ ಏಪ್ರಿಲ್‌ವರೆಗೆ. ಬೇಸಿಗೆಯಲ್ಲಿ ಖಂಡಿತ ಬೇಡ, 40 ಡಿಗ್ರಿ ದಾಟುವುದು ಅಲ್ಲಿ ದಿನದ ಮಾತು. ಹಾಗಂತ ಚಳಿಗಾಲವನ್ನು ಹಗುರವಾಗಿ ತಗೋಬೇಡಿ. ನದಿ ದಡದಲ್ಲಿ ಸುಮಾರು 500 ಅಡಿ ಎತ್ತರ, ಆದರೆ ನಡುವೆ ದಾರಿ 5,000 ಅಡಿಗೆ ಏರುತ್ತದೆ. ರಾತ್ರಿ ನೀರಿನ ಬಾಟಲಿ ಹೆಪ್ಪುಗಟ್ಟುವಷ್ಟು ಚಳಿ, ಕೆಲವೊಮ್ಮೆ ಹಿಮ. ಹೊರಡುವ ವಾರ ಪ್ರಿಸರ್ವ್‌ನವರ ವೆಬ್‌ಸೈಟ್‌ನಲ್ಲಿ ರಸ್ತೆ ಸ್ಥಿತಿ ನೋಡಿ. ಮಳೆ ಬಂದರೆ ಡಾಂಬರು ರಸ್ತೆಯೂ ಕೊಚ್ಚಿಹೋಗುತ್ತದೆ, 2023ರ ಆಗಸ್ಟ್‌ನಲ್ಲಿ ಹಿಲರಿ ಚಂಡಮಾರುತದ ಮಳೆಗೆ ಹಾಗೇ ಆಯಿತು. ನೀವು ಹಾಕಿಕೊಂಡ 'ಹೊರಬರುವ ದಾರಿ'ಯೇ ಮುಚ್ಚಿರಬಹುದು, ಅದಕ್ಕೇ ಹೇಳಿದ್ದು.

ಗಾಡಿ ವಿಷಯ. ನಮ್ಮವರ ಮನೆ ಮುಂದೆ ಜಾಸ್ತಿ ಕಾಣೋದು ರ್‍ಯಾವ್4, ಸಿಆರ್-ವಿ, ಹೈಲ್ಯಾಂಡರ್. ಆಲ್ ವೀಲ್ ಡ್ರೈವ್ ಇದೆ ತಾನೇ, ಸಾಲದಾ ಅಂತ ಕೇಳುತ್ತಾರೆ. ಪೂರ್ತಿ ದಾರಿಗೆ ಸಾಲದು. ನೆಲದಿಂದ ಒಳ್ಳೆ ಎತ್ತರ ಮತ್ತು ನಿಧಾನವಾಗಿ ಜಾಸ್ತಿ ಬಲದಿಂದ ಎಳೆಯುವ ಲೋ ರೇಂಜ್ ಗೇರ್ ಇರುವ ಗಾಡಿ ಬೇಕು: ರ್‍ಯಾಂಗ್ಲರ್, 4ರನ್ನರ್, ಟಕೋಮಾ ಇಂಥವು. ಸೀಡರ್ ಕ್ಯಾನ್ಯನ್ ರೋಡ್‌ನಂಥ ಅಗಲವಾದ ಮಣ್ಣು ರಸ್ತೆಗೆ ಸಿಆರ್-ವಿ ಸಾಕು, ಮನೆಯವರನ್ನೆಲ್ಲ ಕರೆದುಕೊಂಡು ಒಂದು ದಿನದ ಸುತ್ತು ಹಾಕೋಕೆ ಅದು ಚೆನ್ನಾಗೂ ಇದೆ. ಬಾಡಿಗೆ ಗಾಡಿಯಾದರೆ ಕರಾರು ಪತ್ರ ಓದಿ, ಸಾಮಾನ್ಯವಾಗಿ ಮಣ್ಣು ರಸ್ತೆಗೆ ಇಳಿಸಬಾರದು ಅಂತಲೇ ಇರುತ್ತದೆ, ಇಳಿಸಿದರೆ ವಿಮೆ ಸಿಗುವುದಿಲ್ಲ. ಪ್ರಿಸರ್ವ್ ಒಳಗೆ ರಸ್ತೆಗೆ ನೋಂದಣಿ ಆಗಿರುವ ಗಾಡಿಗಳಿಗೆ ಮಾತ್ರ ಅವಕಾಶ. ಇನ್ನೊಂದು: ಒಂದೇ ಗಾಡಿಯಲ್ಲಿ ಹೋಗಬೇಡಿ. ಎರಡು ಗಾಡಿ ಇದ್ದರೆ ಒಂದು ಕೆಟ್ಟರೂ ಇನ್ನೊಂದರಲ್ಲಿ ಎಲ್ಲರೂ ಹೊರಗೆ ಬರಬಹುದು.

ಎಲ್ಲಕ್ಕಿಂತ ಜಾಸ್ತಿ ಕಲಿಯಬೇಕಾದದ್ದು ಟೈರ್ ಗಾಳಿ ವಿಷಯ. ಡಾಂಬರಿನ ಮೇಲೆ ಗಾಳಿಯ ಒತ್ತಡ 35 ಪಿಎಸ್‌ಐ ಇರುವ ಟೈರನ್ನು ಮರಳಿಗೆ ಇಳಿಸುವ ಮುಂಚೆ 18–20ಕ್ಕೆ ತನ್ನಿ. ಗಾಳಿ ಕಡಿಮೆಯಾದರೆ ಟೈರ್ ನೆಲದ ಮೇಲೆ ಉದ್ದಕ್ಕೆ ಹರಡಿಕೊಳ್ಳುತ್ತದೆ, ಗಾಡಿ ಭಾರ ಜಾಸ್ತಿ ಜಾಗದ ಮೇಲೆ ಬೀಳುತ್ತದೆ, ಹಾಗಾಗಿ ಹೂತುಕೊಳ್ಳುವುದಿಲ್ಲ. ಕಲ್ಲು ದಾರಿಗೆ 25ರ ಆಸುಪಾಸು ಇದ್ದರೆ ಮೈ ಕುಲುಕಾಟ ಕಡಿಮೆ, ಪಂಕ್ಚರ್ ಕೂಡ ಕಡಿಮೆ. ಗಾಳಿ ಇಳಿಸಿದ ಮೇಲೆ ಜೋರಾಗಿ ಓಡಿಸಬೇಡಿ, ಜೋರಾಗಿ ತಿರುಗಿಸಬೇಡಿ, ಟೈರ್ ರಿಮ್ಮಿನಿಂದ ಕಳಚಿಕೊಳ್ಳುತ್ತದೆ. ಹಾಗಾಗಿ ಗೇಜ್ ಮತ್ತು ಬ್ಯಾಟರಿಗೆ ಹಾಕುವ ಕಂಪ್ರೆಸರ್ ಇಲ್ಲದೆ ಹೊರಡಲೇಬೇಡಿ. ಸ್ಟೆಪ್ನಿ ಪೂರ್ತಿ ಸೈಜಿನದೇ ಇರಬೇಕು. ಮನೆ ಮುಂದೆಯೇ ಒಂದು ಸಲ ಜಾಕಿ ಹಾಕಿ ಚಕ್ರ ಬಿಚ್ಚಿ ನೋಡಿ. ಮರಳಲ್ಲಿ ಜಾಕಿ ಮೇಲೇಳುವ ಬದಲು ತಾನೇ ಕೆಳಗೆ ಇಳಿಯುತ್ತದೆ, ಅದರ ಅಡಿಗೆ ಇಡೋಕೆ ಒಂದು ದಪ್ಪ ಹಲಗೆ ಜೊತೆಗಿರಲಿ.

ಮರಳಲ್ಲಿ ಒಂದೇ ಸಮನೆ ಹೋಗಬೇಕು. ಬ್ರೇಕ್ ಒತ್ತಿದರೆ ಚಕ್ರದ ಮುಂದೆ ಮರಳು ಗುಡ್ಡೆಯಾಗುತ್ತದೆ, ಹೊರಡುವಾಗ ಅದೇ ಅಡ್ಡ. ನಿಲ್ಲಿಸಬೇಕಾದರೆ ಇಳಿಜಾರಿನಲ್ಲಿ ಸುಮ್ನೆ ಆಕ್ಸಿಲರೇಟರ್ ಬಿಟ್ಟು ತಾನಾಗೇ ನಿಲ್ಲಲು ಬಿಡಿ. ಹೂತುಕೊಂಡರೆ ಚಕ್ರ ಗಿರ್‍ರನೆ ತಿರುಗಿಸಬೇಡಿ, ಒಂದೊಂದು ಸುತ್ತಿಗೂ ಇನ್ನಷ್ಟು ಇಳಿಯುತ್ತದೆ. ಕೆಳಗಿಳಿದು ಸಲಿಕೆಯಿಂದ ಚಕ್ರದ ಹಿಂದಿನ ಮರಳು ತೆಗೆಯಿರಿ, ಗಾಳಿ ಇನ್ನೆರಡು ಪಿಎಸ್‌ಐ ಇಳಿಸಿ, ಚಕ್ರಕ್ಕೆ ಹಿಡಿತ ಕೊಡುವ ಹಲಗೆ, ಅಂದರೆ ಟ್ರ್ಯಾಕ್ಷನ್ ಬೋರ್ಡ್, ಚಕ್ರದಡಿ ಇಟ್ಟು ಬಂದ ಜಾಡಿನಲ್ಲೇ ಹಿಂದಕ್ಕೆ ಬನ್ನಿ. ಇನ್ನೊಂದು ಗಾಡಿಯಿಂದ ಎಳೆಸುವುದಾದರೆ ಹಗ್ಗವನ್ನು ಟ್ರೇಲರ್ ಸಿಕ್ಕಿಸುವ ಬಾಲ್‌ಗೆ ಯಾವತ್ತೂ ಹಾಕಬಾರದು. ಎಳೆತಕ್ಕೆ ಅದು ಮುರಿದು ಗುಂಡಿನ ಹಾಗೆ ಹಾರುತ್ತದೆ, ಜನ ಸತ್ತಿದ್ದಾರೆ. ಗಾಡಿಯ ಫ್ರೇಮಿಗೆ ಕೂಡಿಸಿರುವ ಕೊಕ್ಕೆಗೇ ಹಾಕಿ, ಉಳಿದವರು ದೂರ ನಿಲ್ಲಲಿ.

ನೀರು ಒಬ್ಬರಿಗೆ ದಿನಕ್ಕೆ 4 ಲೀಟರ್, ಅದರ ಮೇಲೆ ಎರಡು ದಿನಕ್ಕೆ ಆಗುವಷ್ಟು ಹೆಚ್ಚಿಗೆ. ನಾಲ್ಕು ಜನ, ಮೂರು ದಿನ ಅಂದರೆ 80 ಲೀಟರ್. ಒಂದೇ ದೊಡ್ಡ ಕ್ಯಾನಿನಲ್ಲಿ ತುಂಬಬೇಡಿ, ಅದು ಸೋರಿದರೆ ಎಲ್ಲ ಹೋಯಿತು. ಸಣ್ಣ ಸಣ್ಣ ಕ್ಯಾನ್‌ಗಳಲ್ಲಿ ಎರಡೂ ಗಾಡಿಗೆ ಹಂಚಿಡಿ. ಪೆಟ್ರೋಲನ್ನು ನದಿಯ ಆಚೆ ದಡದಲ್ಲಿ, ಅರಿಜೋನಾದ ಬುಲ್‌ಹೆಡ್ ಸಿಟಿಯಲ್ಲಿ ಟ್ಯಾಂಕ್ ತುಂಬಾ ಹಾಕಿಸಿ, ನೀಡಲ್ಸ್‌ಗಿಂತ ಅಗ್ಗ. ಲೋ ರೇಂಜಿನಲ್ಲಿ, ಮರಳಲ್ಲಿ ಮೈಲೇಜ್ ಬಹಳ ಇಳಿಯುತ್ತದೆ, ಆದ್ದರಿಂದ 138 ಮೈಲಿಗೆ ಲೆಕ್ಕ ಹಾಕದೆ 200 ಮೈಲಿಗೆ ಹಾಕಿ.

ಅಡುಗೆ ವಿಷಯದಲ್ಲಿ ನಮ್ಮ ಮನೆಯ ತಿಂಡಿಗಳೇ ಮರುಭೂಮಿಗೆ ಸರಿ. ಗೊಜ್ಜವಲಕ್ಕಿಗೆ ಒಲೆ ಬೇಡ, ನೀರೂ ಸ್ವಲ್ಪವೇ ಸಾಕು. ಚಪಾತಿ, ಚಟ್ನಿಪುಡಿ, ಹುರಿಹಿಟ್ಟು, ಕೋಡುಬಳೆ ಕೆಡುವುದಿಲ್ಲ. ಮೊಸರನ್ನ ಮೊದಲ ಮಧ್ಯಾಹ್ನಕ್ಕೇ ಮುಗಿಸಿಬಿಡಿ. ಪಾತ್ರೆ ತೊಳೆಯೋಕೆ ನೀರು ಖರ್ಚಾಗದ ಹಾಗೆ ನೋಡಿಕೊಂಡರೆ ಆಯಿತು. ಬೆಂಕಿಗೆ ಸೌದೆ ಅಲ್ಲಿ ಆರಿಸುವಂತಿಲ್ಲ, ಒಣಗಿದ್ದು ಕೂಡ. 2020ರಲ್ಲಿ ಸೀಮಾ ಡೋಮ್‌ನಲ್ಲಿ ಬೆಂಕಿ ಬಿದ್ದು ಲಕ್ಷಗಟ್ಟಲೆ ಜೋಶುವಾ ಮರಗಳು ಸುಟ್ಟುಹೋದವು, 2023ರಲ್ಲಿ ಮತ್ತೆ ಯಾರ್ಕ್ ಫೈರ್ ಅನ್ನೋ ಕಾಡ್ಗಿಚ್ಚು. ಆ ಕರಿ ಬೊಡ್ಡೆಗಳನ್ನು ನೋಡಿದವರಿಗೆ ಅಲ್ಲಿ ಕಡ್ಡಿ ಗೀರೋಕೂ ಮನಸ್ಸು ಬರುವುದಿಲ್ಲ. ಸಣ್ಣ ಗ್ಯಾಸ್ ಸ್ಟವ್ ಒಯ್ಯಿರಿ, ಅದಕ್ಕೂ ಆ ವಾರದ ಬೆಂಕಿ ನಿಯಮ ನೋಡಿಕೊಳ್ಳಿ.

ರಾತ್ರಿ ಉಳಿಯೋಕೆ ಹಿಂದೆ ಜನ ಉಳಿದು ಕಲ್ಲಿನ ಒಲೆ ಮಾಡಿರುವ ಜಾಗಗಳೇ ಸರಿ, ಹೊಸ ಜಾಗ ತುಳಿಯಬೇಡಿ. ಬತ್ತಿದ ಹಳ್ಳದಲ್ಲಿ ಟೆಂಟ್ ಹಾಕಬೇಡಿ. ಮಳೆ ಇಪ್ಪತ್ತು ಮೈಲಿ ಆಚೆ ಬೆಟ್ಟದಲ್ಲಿ ಬಿದ್ದರೂ ನೀರು ಇಲ್ಲಿಗೆ ನುಗ್ಗುತ್ತದೆ, ನಿಮ್ಮ ತಲೆ ಮೇಲೆ ನಕ್ಷತ್ರ ಹೊಳೆಯುತ್ತಿರಬಹುದು. ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡುವ ಮುಂಚೆ ಬಗ್ಗಿ ಕೆಳಗೆ ನೋಡಿ. ಮರುಭೂಮಿಯ ಆಮೆ ನೆರಳಿಗೆ ಅಂತ ಚಕ್ರದ ಪಕ್ಕ ಬಂದು ಕೂತಿರುತ್ತದೆ. ಅದನ್ನು ಎತ್ತಬೇಡಿ. ಹೆದರಿದರೆ ಮೈಯಲ್ಲಿ ಕೂಡಿಟ್ಟ ನೀರನ್ನೆಲ್ಲ ಮೂತ್ರವಾಗಿ ಬಿಟ್ಟುಬಿಡುತ್ತದೆ, ಆಮೇಲೆ ಬಾಯಾರಿ ಸಾಯಬಹುದು. ತಾನಾಗೇ ಹೋಗುವವರೆಗೆ ಕಾಯಿರಿ, ಅರ್ಧ ಗಂಟೆಯಾದರೂ ಸರಿ.

ದಾರಿಯಲ್ಲಿ ಎರಡು ಕಡೆ ಎಚ್ಚರ ಜಾಸ್ತಿ ಬೇಕು. ಒಂದು ಸೋಡಾ ಲೇಕ್. ನೋಡೋಕೆ ಬಿಳಿ ಉಪ್ಪಿನ ಬಯಲು, ಟೇಬಲ್ ತರಹ ಸಮತಟ್ಟು. ಆದರೆ ಮೇಲೆ ತೆಳು ಪದರ, ಕೆಳಗೆ ಜಿಗುಟು ಕೆಸರು. ಅಂಚಿನಲ್ಲಿ ನಿಲ್ಲಿಸಿ ಜಾಡಿನ ಮೇಲೆ ಒಂದಷ್ಟು ದೂರ ನಡೆದು ನೋಡಿ. ಹಿಮ್ಮಡಿ ಒತ್ತಿದಾಗ ಪದರ ಒಡೆದು ಕಪ್ಪು ಕೆಸರು ಮೇಲೆ ಬಂತಾ, ಮುಂದೆ ಹೋಗಬೇಡಿ. ವಾಪಸ್ ಕೆಲ್‌ಬೇಕರ್ ರೋಡಿಗೆ ಬಂದು, ಬೇಕರ್ ಮೇಲಿಂದ ಐ-15ರಲ್ಲಿ ಸುತ್ತಿ ಬೇಸಿನ್ ರೋಡ್ ಅಥವಾ ಆಫ್ಟನ್ ರೋಡ್‌ನಲ್ಲಿ ಮತ್ತೆ ಸೇರಿಕೊಳ್ಳಿ. ಒಣಗಿದ್ದರೂ ಜಾಡು ಬಿಟ್ಟು ಪಕ್ಕಕ್ಕೆ ಇಳಿಯಬೇಡಿ, ಒಂದು ಚಕ್ರದ ಗುರುತು ಅಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಈ ಬಯಲಿನ ನಡುವೆ ಟ್ರಾವೆಲರ್ಸ್ ಮಾನ್ಯುಮೆಂಟ್ ಅನ್ನೋ ಕಲ್ಲಿನ ರಾಶಿ ಇದೆ, ದಾಟಿದವರೆಲ್ಲ ಒಂದೊಂದು ಕಲ್ಲು ತಂದು ಇಡುತ್ತಾರೆ. ಎರಡನೆಯದು ಆಫ್ಟನ್ ಕ್ಯಾನ್ಯನ್. ನೆಲದಡಿ ಹರಿಯುವ ಮೊಹಾವಿ ನದಿ ಅಲ್ಲಿ ಮೇಲೆ ಬರುತ್ತದೆ, ರೈಲು ಸೇತುವೆ ಹತ್ತಿರ ನೀರಲ್ಲೇ ದಾಟಬೇಕು. ಮೊದಲು ಒಬ್ಬರು ಕೋಲು ಹಿಡಿದು ಇಳಿದು ಆಳ ನೋಡಲಿ. ಮೊಣಕಾಲು ಮೀರಿದರೆ ಬೇಡ, ಎಂಜಿನ್ ಒಳಗೆ ನೀರು ಹೋದರೆ ಅಲ್ಲಿಗೆ ಮುಗಿಯಿತು.

ಹತ್ತಿರದ ಡೆತ್ ವ್ಯಾಲಿಯಲ್ಲಿ ನಡೆದ ಒಂದು ವಿಷಯ ಹೇಳಲೇಬೇಕು. 1996ರ ಜುಲೈನಲ್ಲಿ ಇಬ್ಬರು ಮಕ್ಕಳೂ ಸೇರಿ ನಾಲ್ಕು ಜನ ಜರ್ಮನ್ ಪ್ರವಾಸಿಗರು ಬಾಡಿಗೆ ಮಿನಿವ್ಯಾನ್‌ನಲ್ಲಿ ಒಳದಾರಿ ಹಿಡಿದರು. ಅಕ್ಟೋಬರ್‌ನಲ್ಲಿ ಗಾಡಿ ಸಿಕ್ಕಿತು, ಮೂರು ಟೈರ್ ಚಪ್ಪಟೆ, ಜನ ಇಲ್ಲ. ಗಾಡಿ ಬಿಟ್ಟು ನಡೆದುಹೋಗಿದ್ದರು. ಅವರಲ್ಲಿ ದೊಡ್ಡವರದು ಎನ್ನಲಾದ ಮೂಳೆಗಳು ಸಿಕ್ಕಿದ್ದು 2009ರಲ್ಲಿ, ಗಾಡಿಯಿಂದ ಮೈಲಿಗಟ್ಟಲೆ ದೂರದಲ್ಲಿ. ಗಾಡಿ ಕೆಟ್ಟರೆ ಗಾಡಿ ಹತ್ತಿರವೇ ಇರಿ. ಮೇಲಿನಿಂದ ಹುಡುಕುವವರಿಗೆ ಮನುಷ್ಯನಿಗಿಂತ ಗಾಡಿ ಬೇಗ ಕಾಣುತ್ತದೆ, ನೆರಳೂ ನೀರೂ ಅಲ್ಲೇ ಇದೆ. ಫೋನ್ ಸಿಗ್ನಲ್ ಇಲ್ಲದ ಕಡೆಯಿಂದಲೂ ಸಂದೇಶ ಕಳಿಸುವ ಸ್ಯಾಟಲೈಟ್ ಮೆಸೆಂಜರ್ ಒಂದು ತಗೊಳ್ಳಿ, ಅಥವಾ ಐಫೋನ್ 14 ಮತ್ತು ಅದರ ಮುಂದಿನ ಮಾಡೆಲ್‌ಗಳಲ್ಲಿ ಸ್ಯಾಟಲೈಟ್ ಎಸ್‌ಒಎಸ್ ಇದೆ, ಅದನ್ನು ಬಳಸುವುದು ಹೇಗೆ ಅಂತ ಮನೆಯಲ್ಲೇ ಕಲಿತುಕೊಳ್ಳಿ. ನಕ್ಷೆ ಫೋನಿಗೆ ಇಳಿಸಿಕೊಳ್ಳಿ, ಕಾಗದದ್ದೂ ಒಂದಿರಲಿ. ಜಿಪಿಎಸ್ ತೋರಿಸಿದ ದಾರಿ ಎಷ್ಟೋ ವರ್ಷದ ಹಿಂದೆ ಮುಚ್ಚಿದ ದಾರಿಯಾಗಿರಬಹುದು, ಕಣ್ಣಿಗೆ ದಾರಿ ಕಾಣದಿದ್ದರೆ ಪರದೆಯನ್ನು ನಂಬಬೇಡಿ.

ಹೊರಡುವ ಹಿಂದಿನ ದಿನ ಊರಲ್ಲಿರುವ ಒಬ್ಬ ಸ್ನೇಹಿತರಿಗೆ ಎಲ್ಲ ಬರೆದು ಕೊಡಿ: ಗಾಡಿ ನಂಬರ್, ಬಣ್ಣ, ಜೊತೆಗೆ ಇರುವವರು, ಯಾವ ರಾತ್ರಿ ಎಲ್ಲಿ, ಹೊರಬರುವ ರಸ್ತೆಗಳು ಯಾವುವು. ಇಂಥ ದಿನ ಇಷ್ಟು ಗಂಟೆಯೊಳಗೆ ನನ್ನಿಂದ ಫೋನ್ ಬರದಿದ್ದರೆ ಶೆರಿಫ್ ಆಫೀಸಿಗೆ ಫೋನ್ ಮಾಡಿ ಅಂತ ಬಾಯಿ ಬಿಟ್ಟು ಹೇಳಿ, 'ಸ್ವಲ್ಪ ನೋಡ್ಕೋ' ಅಂದರೆ ಸಾಲದು. ಪಶ್ಚಿಮದ ತುದಿ ಮುಟ್ಟಿದ ಮೇಲೆ ಟೈರ್‌ಗೆ ಮತ್ತೆ ಗಾಳಿ ತುಂಬಿ, ಚಕ್ರದ ನಟ್ಟುಗಳನ್ನು ಬಿಗಿ ಮಾಡಿ, ಗಾಡಿ ಅಡಿಗೆ ಸಿಕ್ಕಿಕೊಂಡ ಒಣಹುಲ್ಲು ಕಿತ್ತು ತೆಗೆಯಿರಿ, ಬಿಸಿ ಸೈಲೆನ್ಸರ್‌ಗೆ ತಾಗಿ ಬೆಂಕಿ ಹತ್ತಬಹುದು. ಸಿಗ್ನಲ್ ಬಂದ ಕೂಡಲೇ ಆ ಸ್ನೇಹಿತರಿಗೆ ಫೋನ್ ಮಾಡಿ. ಆಮೇಲೆ ಐ-15 ಹತ್ತಿ.