ಹೆಸರಿಗಿಂತ ಮನೆ ನಂಬರ್ ನಂಬಿ: ಹಳೇ ಡೈರೆಕ್ಟರಿಗಳಲ್ಲಿ ಮುತ್ತಜ್ಜನ ಹುಡುಕಾಟ

ನನ್ನ ಹೆಂಡತಿಯ ತಾಯಿ ಕಡೆಯವರು ಶಿಕಾಗೋದವರು. ಅವಳ ಮುತ್ತಜ್ಜನ ಬಗ್ಗೆ ಮನೆಯವರಿಗೆ ಗೊತ್ತಿದ್ದದ್ದು ಅವರ ಹೆಸರು, ಮತ್ತೆ ಅವರು ಮರದ ಪೀಪಾಯಿ ಮಾಡುತ್ತಿದ್ದರು ಅನ್ನೋದು, ಅಷ್ಟೇ. ಜನಗಣತಿಯಲ್ಲಿ ಹುಡುಕೋಣ ಅಂದರೆ, 1890ರ ಹಾಳೆಗಳಲ್ಲಿ ಬಹುಪಾಲು 1921ರಲ್ಲಿ ವಾಷಿಂಗ್ಟನ್‌ನಲ್ಲಿ ಬಿದ್ದ ಬೆಂಕಿಯಿಂದ ಹಾಳಾಗಿವೆ. 1880 ಬಿಟ್ಟರೆ ಸಿಗೋದು 1900. ನಡುವಿನ ಇಪ್ಪತ್ತು ವರ್ಷಕ್ಕೆ ನನಗೆ ದಾರಿ ತೋರಿಸಿದ್ದು ಸಿಟಿ ಡೈರೆಕ್ಟರಿಗಳು.

ಇವು ಫೋನ್ ಡೈರೆಕ್ಟರಿ ಅಲ್ಲ. ಫೋನ್ ಹುಟ್ಟುವ ಎಷ್ಟೋ ಮೊದಲು, 1785ರಲ್ಲೇ, ಫಿಲಡೆಲ್ಫಿಯಾದಲ್ಲಿ ಇಂಥ ಪುಸ್ತಕ ಬಂದಿತ್ತು. ಹೆಸರು, ಕಸುಬು, ವಿಳಾಸ, ಒಬ್ಬರಿಗೆ ಒಂದು ಸಾಲು. ಹಲವು ಊರುಗಳ ಡೈರೆಕ್ಟರಿಗಳು ಇಂಟರ್ನೆಟ್ ಆರ್ಕೈವ್ (archive.org) ಅನ್ನೋ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಸರ್ಚ್ ಬಾಕ್ಸನ್ನು ಮಾತ್ರ ಜಾಸ್ತಿ ನಂಬಬೇಡಿ. ಅಕ್ಷರ ತೀರಾ ಸಣ್ಣದು, ಸ್ಕ್ಯಾನ್ ಏನೇನೋ ಓದಿಬಿಡುತ್ತದೆ. ಅಕಾರಾದಿಯಲ್ಲೇ ಇರುವ ಪುಸ್ತಕ, ಪುಟ ತಿರುಗಿಸಿದರೆ ಬೇಗ ಸಿಗುತ್ತದೆ. ಮುಂದೆ ಅಥವಾ ಹಿಂದೆ ‘ತಡವಾಗಿ ಬಂದ ಹೆಸರುಗಳು’ ಅಂತ ಒಂದೆರಡು ಪುಟ ಇರುತ್ತವೆ, ಅದನ್ನೂ ನೋಡಿ.

ಒಂದೇ ಹೆಸರಿನವರು ಸಾಲುಸಾಲಾಗಿ ಸಿಗುತ್ತಾರೆ. ನಾನು ಮೊದಲು ಪೀಪಾಯಿ ಕಸುಬಿನವರನ್ನು ಹಿಡಿದೆ. ಆದರೆ ಕಸುಬು ಬದಲಾಗುತ್ತದಲ್ವಾ? ಒಂದು ವರ್ಷ ಪೀಪಾಯಿ, ಮರುವರ್ಷ ಬರೀ ‘ಕೂಲಿ’. ಅವರೇ ಇವರು ಅಂತ ಹೇಳಿದ್ದು ವಿಳಾಸ. ಅದಕ್ಕೇ ವರ್ಷ, ಕಸುಬು, ಬೀದಿ, ಮನೆ ನಂಬರ್ ಅಂತ ಒಂದು ಪಟ್ಟಿ ಮಾಡಿ, ಒಂದು ವರ್ಷವೂ ಬಿಡದೆ ತುಂಬುತ್ತಾ ಹೋದೆ. ಒಂದು ಸಾಲಿನಿಂದ ಏನೂ ತಿಳಿಯೋದಿಲ್ಲ. ಹತ್ತು ವರ್ಷದ ಸಾಲು ಒಟ್ಟಿಗೆ ಇಟ್ಟರೆ ಸಂಸಾರ ಕಾಣುತ್ತದೆ.

ವಿಳಾಸಕ್ಕೆ ಮೊದಲು ಬರುವ ಅಕ್ಷರಗಳು ಮುಖ್ಯ. ‘ಎಚ್’ (h) ಅಂದರೆ ಮನೆಯ ಯಜಮಾನ, ಸ್ವಂತ ಮನೆ ಅಂತೇನಲ್ಲ. ‘ಬಿಡಿಎಸ್’ (bds) ಅಂದರೆ ಆ ಮನೆಯಲ್ಲಿ ಉಳಿದುಕೊಂಡವರು. ಮುತ್ತಜ್ಜನ ನಂಬರಿನಲ್ಲೇ ಅದೇ ಅಡ್ಡಹೆಸರಿನ ಇನ್ನಿಬ್ಬರು ‘ಬಿಡಿಎಸ್’ ಅಂತ ಕಾಣಿಸಿಕೊಂಡರು. ಒಬ್ಬ ಗುಮಾಸ್ತ, ಒಬ್ಬಳು ಹೊಲಿಗೆಯವಳು. ದುಡಿಯಲು ಶುರುಮಾಡಿದ ಮಕ್ಕಳು! ಅಲ್ಲಿಯವರೆಗೆ ಅವರು ಪುಸ್ತಕದಲ್ಲೇ ಇಲ್ಲ. ಮುತ್ತಜ್ಜನ ಹೆಂಡತಿಯ ಹೆಸರೂ ಇಲ್ಲ. ಅವಳು ಕಾಣಿಸಿಕೊಂಡಿದ್ದು ಗಂಡ ಸತ್ತ ಮೇಲೆ, ‘ಇಂಥವರ ವಿಧವೆ’ ಅಂತ. ಓದಿ ಬೇಜಾರಾಯಿತು. ಆದರೆ ಸಾವು ಯಾವ ಎರಡು ಪುಸ್ತಕಗಳ ನಡುವೆ ಅಂತ ಗೊತ್ತಾದದ್ದೂ ಅದೇ ಸಾಲಿನಿಂದ. ಮರಣ ದಾಖಲೆ ಹುಡುಕೋದು ಸುಲಭವಾಯಿತು. ಮಾಹಿತಿ ತಿಂಗಳುಗಳ ಮುಂಚೆಯೇ ಸಂಗ್ರಹಿಸಿರುತ್ತಾರೆ, ಹಾಗಾಗಿ ಹಿಂದಿನ ವರ್ಷವನ್ನೂ ಸೇರಿಸಿಕೊಳ್ಳಿ.

ಮುಂದೆ 1910ರ ಹೊತ್ತಿಗೆ ಆ ಮುತ್ತಜ್ಜಿ ಅದೇ ಬೀದಿಯಲ್ಲಿ ದೂರದ ನಂಬರಿಗೆ ಹೋದಂತೆ ಕಾಣುತ್ತದೆ. ಹೋಗಿಲ್ಲ. 1909ರ ಸೆಪ್ಟೆಂಬರ್ 1ರಿಂದ ಶಿಕಾಗೋ ಮನೆಗಳ ನಂಬರನ್ನೇ ಬದಲಿಸಿತು. ಸ್ಟೇಟ್ ಮತ್ತು ಮ್ಯಾಡಿಸನ್ ಬೀದಿಗಳು ಕೂಡುವ ಜಾಗದಿಂದ ಎಣಿಕೆ, ಮೈಲಿಗೆ 800 ನಂಬರ್. ಹಳೇ ನಂಬರಿಗೆ ಹೊಸದು ಯಾವುದು ಅಂತ ಆಗಲೇ ಅಚ್ಚಾದ ಪಟ್ಟಿ ಸಿಗುತ್ತದೆ. ಅದರಲ್ಲಿ ನೋಡಿದರೆ ಮನೆ ಅದೇ! ನೀವು ಯಾವ ಊರು ಹುಡುಕಿದರೂ ಬೀದಿಯ ಹೆಸರು, ನಂಬರ್ ಯಾವಾಗ ಬದಲಾಯಿತು ಅಂತ ಮೊದಲು ನೋಡಿಕೊಳ್ಳಿ.

ಶಿಕಾಗೋದಲ್ಲಿ ವರ್ಷಕ್ಕೊಂದು ಪುಸ್ತಕ 1917ಕ್ಕೆ ನಿಂತುಹೋಯಿತು. ಆಮೇಲೆ ಬಂದದ್ದು 1923ರಲ್ಲಿ. ನಾನು 1917ರವರೆಗಿನ ಪುಸ್ತಕಗಳಲ್ಲಿ ಸಿಕ್ಕ ಕೊನೆಯ ವಿಳಾಸ ಹಿಡಿದು 1920ರ ಜನಗಣತಿಗೆ ಹೋದೆ.