ಎಷ್ಟು ತಂಪಾದರೆ ಅಷ್ಟು ಒಳ್ಳೆಯದೇ?

ಚಳ್ಳಕೆರೆ ತಾಲ್ಲೂಕಿನ ಪ್ರಾಥಮಿಕ ಆರೋಗ್ಯ ಕೇಂದ್ರವೊಂದರಲ್ಲಿ ಲಸಿಕೆ ದಾಸ್ತಾನು ನೋಡಿಕೊಳ್ಳುವುದು ನನ್ನ ಕೆಲಸ. ಕೋವಿಡ್ ಕಾಲದಲ್ಲಿ ಫೈಜರ್ ಲಸಿಕೆಗೆ ಮೈನಸ್ 70 ಡಿಗ್ರಿ ಬೇಕೆಂದು ಓದಿದವರು ‘ನಿಮ್ಮಲ್ಲಿ ಅಂಥ ಪೆಟ್ಟಿಗೆ ಇದೆಯೇ’ ಎಂದು ಕೇಳುತ್ತಿದ್ದರು. ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ನಮಗೆ ಬಂದ ಕೋವಿಶೀಲ್ಡ್, ಕೋವ್ಯಾಕ್ಸಿನ್‌ಗಳಿಗೆ 2ರಿಂದ 8 ಡಿಗ್ರಿ ಸಾಕು. ಫೈಜರ್‌ನದು ಎಂಆರ್‌ಎನ್‌ಎ ಎಂಬ ಆನುವಂಶಿಕ ಎಳೆಯಿಂದಾದ ಲಸಿಕೆ. ಆ ಎಳೆ ನೀರಿನಲ್ಲಿದ್ದರೇ ಮೆಲ್ಲಗೆ ತುಂಡಾಗುವಷ್ಟು ನಾಜೂಕು. ಅತಿ ಚಳಿಯಲ್ಲಿ ಆ ಕ್ರಿಯೆ ಬಹುಮಟ್ಟಿಗೆ ನಿಲ್ಲುತ್ತದೆ. ಕೋವಿಶೀಲ್ಡ್‌ನೊಳಗಿನ ಡಿಎನ್‌ಎ ಅದಕ್ಕಿಂತ ಗಟ್ಟಿ.

ನಮ್ಮಂಥವರ ನಿತ್ಯದ ಭಯ ಬೇರೆಯೇ. ಬಿಸಿಲ ನಾಡಾದ್ದರಿಂದ ಎಲ್ಲರೂ ಶಾಖಕ್ಕೆ ಹೆದರುತ್ತಾರೆ, ನಾನು ಹೆದರುವುದು ಮಂಜುಗಡ್ಡೆಗೆ. ಪೋಲಿಯೊ ಹನಿಗೆ ಶಾಖವೇ ಶತ್ರು, ನಿಜ. ಆದರೆ ಐದು ರೋಗ ತಡೆಯುವ ಪೆಂಟಾವೇಲೆಂಟ್, ಹೆಪಟೈಟಿಸ್ ಬಿ, ಧನುರ್ವಾಯು–ಡಿಫ್ತೀರಿಯಾದ ಟಿಡಿ ಲಸಿಕೆಗಳಲ್ಲಿ ಅಲ್ಯುಮಿನಿಯಂ ಲವಣವಿರುತ್ತದೆ. ಒಮ್ಮೆ ಹೆಪ್ಪುಗಟ್ಟಿದರೆ ಅದರ ಕಣಗಳು ಗಂಟುಕಟ್ಟಿ ಲಸಿಕೆ ಶಕ್ತಿ ಕಳೆದುಕೊಳ್ಳುತ್ತದೆ, ಕರಗಿಸಿದರೂ ಮರಳುವುದಿಲ್ಲ. ಬಾಟಲಿಯ ಮೇಲಿನ ವಿವಿಎಂ ಗುರುತು ಶಾಖ ತಗುಲಿದ್ದನ್ನು ಹೇಳುತ್ತದೆಯೇ ಹೊರತು ಹೆಪ್ಪುಗಟ್ಟಿದ್ದನ್ನಲ್ಲ.

ಹಾಗಾಗಿ ಐಎಲ್‌ಆರ್ ಎಂಬ ಲಸಿಕೆ ಫ್ರಿಜ್‌ನಲ್ಲಿ ಈ ಲಸಿಕೆಗಳಿಗೆ ಮೇಲಿನ ಬುಟ್ಟಿಯೇ ಜಾಗ. ತಳದಲ್ಲಿ ಚಳಿ ಹೆಚ್ಚು. ಅದಕ್ಕಿಂತ ಕಿರಿಕಿರಿಯ ಕೆಲಸ ಐಸ್ ಪ್ಯಾಕ್‌ಗಳದ್ದು. ಡೀಪ್ ಫ್ರೀಜರಿನಿಂದ ತೆಗೆದು ನೇರವಾಗಿ ವ್ಯಾಕ್ಸಿನ್ ಕ್ಯಾರಿಯರ್‌ಗೆ ತುಂಬಿದರೆ ಪಕ್ಕದ ಬಾಟಲಿ ಹೆಪ್ಪುಗಟ್ಟಬಹುದು. ಮೇಜಿನ ಮೇಲೆ ಹರಡಿ, ಮೈ ಬೆವರಿ, ಕುಲುಕಿದಾಗ ಒಳಗೆ ನೀರು ಅಲುಗುವ ಸದ್ದು ಕೇಳುವವರೆಗೆ ಕಾಯಬೇಕು. ಮೇ ತಿಂಗಳಲ್ಲಿ ಬೇಗ ಆಗುತ್ತದೆ, ಡಿಸೆಂಬರಿನ ಬೆಳಿಗ್ಗೆ ತಾಳ್ಮೆ ಪರೀಕ್ಷಿಸುತ್ತದೆ.

‘ಸರ್, ಬಸ್ ತಪ್ಪಿಹೋಗುತ್ತದೆ, ಹಾಗೇ ಕೊಡಿ’ ಎಂದು ಸಿಸ್ಟರ್ ಗಡಿಬಿಡಿ ಮಾಡುತ್ತಾರೆ.

‘ಕುಲುಕಿ ನೋಡಿ ಸಿಸ್ಟರ್. ಸದ್ದು ಬಂದರೆ ಈಗಲೇ ಹೊರಡಿ.’

ಬೈಸಿಕೊಳ್ಳುತ್ತೇನೆ, ಕೊಡುವುದಿಲ್ಲ. ಶಕ್ತಿ ಕಳೆದುಕೊಂಡ ಲಸಿಕೆ ಪಡೆದ ಮಗುವಿನ ಕಾರ್ಡಿನಲ್ಲಿ ಡೋಸ್ ಆಗಿದೆ ಎಂದೇ ಇರುತ್ತದೆ, ತಾಯಿಗೂ ನಮಗೂ ಏನೂ ತಿಳಿಯುವುದಿಲ್ಲ.

ಕರೆಂಟ್ ಹೋದರೆ ನಾನು ಅಷ್ಟು ತಲೆಕೆಡಿಸಿಕೊಳ್ಳುವುದಿಲ್ಲ. ಐಎಲ್‌ಆರ್‌ನ ಗೋಡೆಯೊಳಗೇ ಮಂಜುಗಡ್ಡೆಯ ಪದರವಿದೆ. ದಿನಕ್ಕೆ 8 ಗಂಟೆ ವಿದ್ಯುತ್ ಸಿಕ್ಕರೂ ಸಾಕು, ಮುಚ್ಚಳ ಮಾತ್ರ ತೆರೆಯಬಾರದು. ತಾಪಮಾನವನ್ನು ಭಾನುವಾರವೂ ಸೇರಿ ಬೆಳಿಗ್ಗೆ, ಸಂಜೆ ಬರೆಯುತ್ತೇವೆ. ಅಂಕಿ ಸೊನ್ನೆಗಿಂತ ಕೆಳಗಿಳಿದಿದ್ದರೆ ಆ ಬುಟ್ಟಿಯಿಂದ ಒಂದು ಬಾಟಲಿಯೂ ಹೊರಹೋಗುವುದಿಲ್ಲ; ಮೊದಲು ವೈದ್ಯಾಧಿಕಾರಿಗೆ, ಆಮೇಲೆ ಜಿಲ್ಲಾ ಲಸಿಕಾ ಉಗ್ರಾಣಕ್ಕೆ ಫೋನ್.