ತತನುವಾ ಮುಖವಾಡವನ್ನು ನೋಡುವ ಬಗೆ

ಮಕ್ಕಳ ಮನೆಗೆಂದೋ ಕೆಲಸದ ಮೇಲೋ ಬರ್ಲಿನ್, ಲಂಡನ್, ನ್ಯೂಯಾರ್ಕ್‌ಗಳಿಗೆ ಹೋಗುವ ಮಂಗಳೂರು, ಉಡುಪಿಯವರು ಅಲ್ಲಿನ ವಸ್ತುಸಂಗ್ರಹಾಲಯಗಳಲ್ಲಿ ಪೆಸಿಫಿಕ್ ಸಾಗರದ ನ್ಯೂ ಐರ್ಲೆಂಡ್ ದ್ವೀಪದ ‘ತತನುವಾ’ ಎಂಬ ಮರದ ಮುಖವಾಡಗಳನ್ನು ಹುಡುಕಿ ನೋಡಬೇಕು. ಈ ದ್ವೀಪ ಇಂದು ಪಪುವಾ ನ್ಯೂಗಿನಿಗೆ ಸೇರಿದೆ. ನೇಮದಲ್ಲಿ, ಅಂದರೆ ತುಳುನಾಡಿನ ಭೂತಾರಾಧನೆಯಲ್ಲಿ, ದೈವದ ಮೊಗ (ಮುಖವಾಡ) ಕಂಡು ಬೆಳೆದವರಿಗೆ ಬೇಕಾದ ಅರ್ಧ ಅಭ್ಯಾಸ ಊರಿನಲ್ಲೇ ಆಗಿರುತ್ತದೆ.

ಮೊದಲು ಎದುರಿಗೆ ನಿಲ್ಲದೆ ಗಾಜಿನ ಪೆಟ್ಟಿಗೆಯ ಪಕ್ಕಕ್ಕೆ ಹೋಗಿ. ತತನುವಾ ಎಂಬುದು ಮುಖಕ್ಕಷ್ಟೇ ಕಟ್ಟುವ ಹಲಗೆಯಲ್ಲ, ತಲೆಯ ಮೇಲೆ ಇಳಿಸಿಕೊಳ್ಳುವ ಶಿರಸ್ತ್ರಾಣ. ಅದರ ನಡುನೆತ್ತಿಯಲ್ಲಿ ನಾರಿನಿಂದ ಮಾಡಿದ ಎತ್ತರದ ಜುಟ್ಟಿರುತ್ತದೆ. ಈಗ ಇನ್ನೊಂದು ಪಕ್ಕಕ್ಕೆ ಬಂದು ಹೋಲಿಸಿದರೆ, ಎಡಬಲಗಳ ಬಣ್ಣವೂ ಅಲಂಕಾರವೂ ಬೇರೆ ಬೇರೆ ಎಂಬುದು ತಿಳಿಯುತ್ತದೆ. ಸತ್ತವರ ಸ್ಮರಣೆಯ ‘ಮಲಗನ್’ ವಿಧಿಗಳ ಕೊನೆಯಲ್ಲಿ ಗಂಡಸರು ಇದನ್ನು ತೊಟ್ಟು ಗುಂಪಾಗಿ ಕುಣಿಯುತ್ತಿದ್ದರು. ಸೂತಕದಲ್ಲಿ ತಲೆಯ ಎರಡೂ ಬದಿ ಬೋಳಿಸಿ, ಸುಣ್ಣ ಬಳಿದು, ನಡುವೆ ಜುಟ್ಟು ಬಿಡುತ್ತಿದ್ದ ಅಲ್ಲಿನ ಪದ್ಧತಿಯೇ ಇಲ್ಲಿ ಕೆತ್ತನೆಯಾಗಿದೆ. ಎದುರಿನಿಂದ ಮಾತ್ರ ನೋಡಿದವರಿಗೆ ಇದು ದಕ್ಕುವುದಿಲ್ಲ.

ಕಣ್ಣಿನ ಬಳಿ ನಿಧಾನಿಸಿ. ಕಣ್ಣಾಲಿಯಾಗಿ ಕೂರಿಸಿರುವುದು ಸಮುದ್ರದ ಶಂಖದ ಹುಳು ಒಳಸೇರಿದಾಗ ಬಾಯಿ ಮುಚ್ಚಿಕೊಳ್ಳುವ ದುಂಡನೆಯ ಬಿಲ್ಲೆ. ನಡುವೆ ಹಸಿರು, ಸುತ್ತ ಮಾಸಲು ಬಿಳಿ. ಅರ್ಧ ಹೆಜ್ಜೆ ಸರಿದು ನಿಂತರೆ ಅದರ ಮೇಲಿನ ಬೆಳಕೂ ಸರಿಯುತ್ತದೆ, ನೋಟ ನಮ್ಮ ಮೇಲೆ ಬಿದ್ದಂತಾಗುತ್ತದೆ. ದೀವಟಿಗೆಯ ಬೆಳಕಿನಲ್ಲಿ ಮೊಗ ಕಂಡವರಿಗೆ ಈ ಅನುಭವ ಹೊಸದಲ್ಲ.

ಬಣ್ಣಗಳು ಸುಣ್ಣ, ಇದ್ದಿಲು ಮತ್ತು ಕೆಮ್ಮಣ್ಣಿನವು. ಮರ ಸಾಮಾನ್ಯವಾಗಿ ಆಲ್‌ಸ್ಟೋನಿಯಾ ಕುಲದ್ದು, ಅಂದರೆ ಆಟಿ ಅಮಾವಾಸ್ಯೆಯ ನಸುಕಿನಲ್ಲಿ ಕಲ್ಲಿನಿಂದ ಜಜ್ಜಿ ತೊಗಟೆ ತೆಗೆದು ನಾವು ಕಷಾಯ ಕುಡಿಯುವ ಹಾಲೆ ಮರದ ಬಳಗ. ಹಗುರವಾದ್ದರಿಂದ ಹೊತ್ತು ಕುಣಿಯಲು ಅದು ತಕ್ಕುದು.

ಬಳಿಕ ವಿವರಫಲಕ ಓದಿ. 1884ರಿಂದ 1914ರವರೆಗೆ ಈ ದ್ವೀಪ ಜರ್ಮನರ ಆಳ್ವಿಕೆಯಲ್ಲಿದ್ದುದರಿಂದ, ವಸ್ತು ಸಂಗ್ರಹಕ್ಕೆ ಬಂದ ವರ್ಷವನ್ನೂ ತಂದವರ ಹೆಸರನ್ನೂ ಗಮನಿಸುವುದು ಮುಖ್ಯ. ತಂದವನ ಹೆಸರಿದ್ದು ಕೆತ್ತಿದವನ ಹೆಸರಿಲ್ಲದ ಫಲಕ ನನ್ನ ಮಟ್ಟಿಗೆ ಅಪೂರ್ಣ. ಬಾರ್ಕೂರಿನ ಸಮೀಪದ ಮೆಕ್ಕೆಕಟ್ಟಿನ ಹಳೆಯ ಮರದ ಉರುಗಳನ್ನು (ದೈವದ ವಿಗ್ರಹಗಳನ್ನು) ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯದಲ್ಲಿ ನೋಡುವಾಗಲೂ ಇದೇ ಪ್ರಶ್ನೆಗಳನ್ನು ಕೇಳಿಕೊಳ್ಳಿ.

ಚಿತ್ರ ತೆಗೆಯಲು ಅನುಮತಿಯಿದ್ದರೆ ಫ್ಲ್ಯಾಶ್ ಆರಿಸಿ, ಎರಡೂ ಪಕ್ಕಗಳಿಂದ ಒಂದೊಂದು ತೆಗೆಯಿರಿ.